ಜಾಮ್ ಆದ ಎ.ಸಿ. ಕಂಪ್ರೆಸರ್: ಹಳೆಯ ಕಾರಿನಲ್ಲಿ ಹೊಸದನ್ನು ಕೂರಿಸುವ ಸರಿಯಾದ ಕ್ರಮ

ಎ.ಸಿ. ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಜಾಮ್ ಆಯಿತೆಂದು ಹೊಸದನ್ನು ಹಾಕಿಸಿದರು, ಒಂದು ಬೇಸಿಗೆ ಕಳೆಯುವ ಮೊದಲೇ ಅದೂ ನಿಂತುಹೋಯಿತು. ಹಳೆಯ ಕಾರು ಇಟ್ಟುಕೊಂಡವರಲ್ಲಿ ಈ ದೂರು ಮುಗಿಯುವುದೇ ಇಲ್ಲ. ಬೈಗುಳವೆಲ್ಲ ಬಿಡಿಭಾಗ ಮಾರಿದವನಿಗೆ ಸಲ್ಲುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಹೊಸ ಕಂಪ್ರೆಸರನ್ನು ಕೊಂದದ್ದು ಹಳೆಯದೇ. ಅದು ಸವೆದು ಸಾಯುವಾಗ ಉಗುಳಿದ ಲೋಹದ ಪುಡಿ ಪೈಪುಗಳಲ್ಲಿ, ಗ್ಯಾಸಿನ ಬಿಸಿಯನ್ನು ಹೊರಬಿಡುವ ಕಂಡೆನ್ಸರಿನಲ್ಲಿ ಹಾಗೆಯೇ ಉಳಿದಿರುತ್ತದೆ. ಅದನ್ನು ಸಾಯಿಸಿದ ಮೂಲ ಕಾರಣವೂ ಕಾರಿನಲ್ಲೇ ಕುಳಿತಿರುತ್ತದೆ. ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬೋಲ್ಟು ಹಾಕುವುದು ಈ ಕೆಲಸದ ಸುಲಭ ಭಾಗ. ಜನ ಸೋಲುವುದು ಅದರ ಹಿಂದಿನ ಮತ್ತು ಮುಂದಿನ ಹಂತಗಳಲ್ಲಿ.

ಇಲ್ಲಿ ಹೇಳುತ್ತಿರುವುದು ಮಾರುತಿ ಝೆನ್, ಆಲ್ಟೊ, ವ್ಯಾಗನ್ ಆರ್, ಹುಂಡೈ ಸ್ಯಾಂಟ್ರೊ, ಟಾಟಾ ಇಂಡಿಕಾ ಪೀಳಿಗೆಯ ಕಾರುಗಳಿಗೆ ಒಪ್ಪುವ ಕ್ರಮ: ಬೆಲ್ಟಿನಿಂದ ತಿರುಗುವ, ಮುಂಭಾಗದಲ್ಲಿ ಮ್ಯಾಗ್ನೆಟ್ ಕ್ಲಚ್ ಇರುವ, ಆರ್-134ಎ ಗ್ಯಾಸ್ ಬಳಸುವ ಕಂಪ್ರೆಸರ್. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಂಪ್ರೆಸರ್ ಹೆಚ್ಚಿನ ವೋಲ್ಟೇಜಿನಲ್ಲಿ ಓಡುತ್ತದೆ, ಅದರ ಎಣ್ಣೆಯೂ ಬೇರೆ. ಅದನ್ನು ಮನೆಯಂಗಳದಲ್ಲಿ ಮುಟ್ಟಬೇಡಿ.

ಗ್ಯಾಸ್ ಹೊರತೆಗೆಯುವುದು, ವ್ಯಾಕ್ಯೂಮ್ ಎಳೆಯುವುದು (ಒಳಗಿನ ಗಾಳಿ, ತೇವವನ್ನು ಪಂಪಿನಿಂದ ಹೀರಿ ತೆಗೆಯುವುದು), ಗ್ಯಾಸನ್ನು ಮತ್ತೆ ತುಂಬುವುದು, ಈ ಮೂರಕ್ಕೆ ಯಂತ್ರ ಬೇಕು. ಅವನ್ನು ಗ್ಯಾರೇಜಿಗೆ ಬಿಟ್ಟು ನಡುವಿನ ಕೆಲಸವನ್ನು ನೀವೇ ಮಾಡಿಕೊಳ್ಳಬಹುದು. ಎಲ್ಲವನ್ನೂ ಗ್ಯಾರೇಜಿಗೇ ಕೊಡುವವರೂ ಓದಿಕೊಳ್ಳಿ. ಪಕ್ಕದಲ್ಲಿ ನಿಂತು ಯಾವ ಹಂತ ತಪ್ಪಿತು ಎಂದು ಗುರುತಿಸಲು ಇಷ್ಟು ತಿಳಿದಿರಬೇಕು.

## ಹಂತ 1: ಜಾಮ್ ಆಗಿರುವುದು ಕಂಪ್ರೆಸರೇ ಹೌದೇ?

ಎಂಜಿನ್ ನಿಲ್ಲಿಸಿ, ಕೀಲಿ ಕೈ ಹೊರಗೆ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕಂಪ್ರೆಸರಿನ ಮುಂಭಾಗದಲ್ಲಿ ಎರಡು ಭಾಗಗಳು ಕಾಣುತ್ತವೆ. ಬೆಲ್ಟ್ ಸುತ್ತಿಕೊಂಡಿರುವುದು ಪುಲ್ಲಿ. ಅದರ ಮುಂದೆ, ನಡುವೆ ಇರುವ ತಟ್ಟೆ ಕ್ಲಚ್ ಹಬ್. ಎಂಜಿನ್ ಓಡುತ್ತಿದ್ದು ಎ.ಸಿ. ಆರಿರುವಾಗ ಪುಲ್ಲಿ ಮಾತ್ರ ತಿರುಗುತ್ತದೆ. ಸ್ವಿಚ್ ಹಾಕಿದರೆ ಕ್ಲಚ್ಚಿನ ಕಾಯಿಲ್ ವಿದ್ಯುತ್ ಕಾಂತವಾಗಿ ಹಬ್ಬನ್ನು ಪುಲ್ಲಿಗೆ ಎಳೆದು ಅಂಟಿಸುತ್ತದೆ, ಆಗ ಕಂಪ್ರೆಸರಿನ ಒಳಭಾಗ ತಿರುಗುತ್ತದೆ.

ಹಬ್ಬನ್ನು ಕೈಯಿಂದ ತಿರುಗಿಸಿ ನೋಡಿ. ಸ್ವಲ್ಪ ಬಿಗಿಯಾಗಿ, ಆದರೆ ಒಂದೇ ಸಮನೆ ತಿರುಗಿದರೆ ಕಂಪ್ರೆಸರ್ ಜಾಮ್ ಆಗಿಲ್ಲ. ಕದಲದೇ ಇದ್ದರೆ ಆಗಿದೆ. ತಿರುಗುತ್ತದೆ, ಆದರೆ ಒಂದು ಜಾಗದಲ್ಲಿ ತಡೆಯುತ್ತದೆ ಅಥವಾ ಕರಕರ ಎನ್ನುತ್ತದೆ ಎಂದಾದರೆ ಒಳಗೆ ಸವೆತ ಶುರುವಾಗಿದೆ. ಅದನ್ನೂ ಸತ್ತದ್ದೆಂದೇ ಲೆಕ್ಕ ಹಾಕಿ.

ಈಗ ಬೆಲ್ಟ್ ಸಡಿಲಿಸಿ ಪುಲ್ಲಿಯನ್ನು ಮಾತ್ರ ತಿರುಗಿಸಿ. ಅದು ಒರಟಾಗಿ ತಿರುಗಿದರೆ, ಅಲುಗಾಡಿದರೆ, ಹಾಳಾಗಿರುವುದು ಪುಲ್ಲಿ ಬೇರಿಂಗ್. ಹಬ್ ಸಲೀಸಾಗಿ ತಿರುಗಿ ಬೇರಿಂಗ್ ಮಾತ್ರ ಕೆಟ್ಟಿದ್ದರೆ ಗ್ಯಾಸ್ ತೆಗೆಯುವ ಅಗತ್ಯವೇ ಇಲ್ಲ. ಅನೇಕ ಕಾರುಗಳಲ್ಲಿ ಕಂಪ್ರೆಸರ್ ಕೂತಲ್ಲಿಯೇ ಬೇರಿಂಗ್ ಬದಲಾಯಿಸಬಹುದು. ಈ ಒಂದು ಪರೀಕ್ಷೆಯನ್ನು ಮಾಡದೆ ಇಡೀ ಕಂಪ್ರೆಸರಿಗೆ ಹಣ ಸುರಿದವರು ಬೇಕಾದಷ್ಟು ಜನ ಇದ್ದಾರೆ.

ಇನ್ನೊಂದು ಗೊಂದಲ ಕ್ಲಚ್ ಕಾಯಿಲ್‌ನದು. ಎ.ಸಿ. ಹಾಕಿದಾಗ ಟಕ್ ಎಂಬ ಶಬ್ದವೇ ಬರದಿದ್ದರೆ ಅದು ಜಾಮ್ ಅಲ್ಲ. ಫ್ಯೂಸ್, ರಿಲೇ, ಪ್ರೆಷರ್ ಸ್ವಿಚ್ ಮೊದಲು ನೋಡಿ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದರೆ 12 ವೋಲ್ಟ್ ಕಾಯಿಲ್ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸುತ್ತದೆ. ಅನಂತ ಎಂದು ತೋರಿಸಿದರೆ ಕಾಯಿಲ್ ತುಂಡಾಗಿದೆ. ಒಂದು ಓಮ್‌ಗಿಂತ ಕಡಿಮೆ ಬಂದರೆ ಒಳಗೇ ಶಾರ್ಟ್ ಆಗಿದೆ, ಫ್ಯೂಸ್ ಹೋಗುತ್ತಿದ್ದುದು ಅದಕ್ಕೇ.

ನಿಜವಾದ ಜಾಮ್‌ನ ಲಕ್ಷಣಗಳು ಬೇರೆ. ಎ.ಸಿ. ಹಾಕಿದ ಕೂಡಲೇ ಬೆಲ್ಟ್ ಕಿರುಚುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಎಂಜಿನ್ ತಗ್ಗಿ ನಿಂತೇಹೋಗಬಹುದು. ಕ್ಲಚ್ಚಿನ ಮುಖ ನೀಲಿಗಟ್ಟಿರುತ್ತದೆ ಅಥವಾ ಕಪ್ಪಾಗಿರುತ್ತದೆ.

ಹೊಸದನ್ನು ಹಾಕುವವರೆಗೆ ಕಾರು ಓಡಿಸಬಹುದೇ? ಪುಲ್ಲಿ ಬೇರಿಂಗ್ ಚೆನ್ನಾಗಿದ್ದರೆ ಕ್ಲಚ್ ಕನೆಕ್ಟರ್ ಕಳಚಿಟ್ಟು ಓಡಿಸಬಹುದು. ಬೇರಿಂಗೇ ಹಿಡಿದಿದ್ದರೆ ಎಂಜಿನಿನಲ್ಲಿ ಎ.ಸಿ.ಗೆ ಪ್ರತ್ಯೇಕ ಬೆಲ್ಟ್ ಇದೆಯೇ ನೋಡಿ. ಇದ್ದರೆ ಅದನ್ನು ತೆಗೆದು ಓಡಿಸಿ. ಅದೇ ಬೆಲ್ಟ್ ಆಲ್ಟರ್ನೇಟರ್ ಅಥವಾ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಓಡಿಸಬೇಡಿ. ಬೆಲ್ಟ್ ಹರಿದರೆ ಎಂಜಿನ್ ಕುದಿಯುತ್ತದೆ.

## ಹಂತ 2: ಅದು ಸತ್ತದ್ದೇಕೆ?

ಹೊಸದನ್ನು ಕೊಳ್ಳುವ ಮುನ್ನ ಈ ಪ್ರಶ್ನೆಗೆ ಉತ್ತರ ಬೇಕು. ಕಂಪ್ರೆಸರಿಗೆ ಎಂಜಿನಿಗೆ ಇರುವಂತೆ ಪ್ರತ್ಯೇಕ ಎಣ್ಣೆಯ ತೊಟ್ಟಿಯ ಆಸರೆ ಇಲ್ಲ. ಎಣ್ಣೆ ಗ್ಯಾಸಿನ ಜೊತೆ ಪೈಪುಗಳಲ್ಲೆಲ್ಲ ಸುತ್ತಿ ಅದಕ್ಕೆ ಮರಳಿ ಬರುತ್ತದೆ. ಗ್ಯಾಸ್ ಕಡಿಮೆಯಾದರೆ ಎಣ್ಣೆ ಹಿಂತಿರುಗುವುದಿಲ್ಲ, ಕಂಪ್ರೆಸರ್ ಒಣಗಿಕೊಂಡೇ ತಿರುಗುತ್ತದೆ. ವರ್ಷ ವರ್ಷ "ಗ್ಯಾಸ್ ಸ್ವಲ್ಪ ತುಂಬಿಸಿ" ಎಂದು ಸೋರಿಕೆ ಹುಡುಕದೆ ಓಡಿಸಿದ ಕಾರುಗಳ ಗತಿ ಇದು. ಎಣ್ಣೆ ಜಿಡ್ಡು ಹತ್ತಿದ ಧೂಳು ಪೈಪಿನ ಯಾವ ಜೋಡಣೆಯ ಬಳಿ ಕೂತಿದೆ, ಕಂಪ್ರೆಸರಿನ ಮುಂಭಾಗದ ಶಾಫ್ಟ್ ಸೀಲ್ ಬಳಿ ಒದ್ದೆ ಇದೆಯೇ ನೋಡಿ. ಅದೇ ಸೋರಿಕೆಯ ಜಾಗ.

ಎರಡನೆಯ ಕಾರಣ ಕಂಡೆನ್ಸರ್ ಫ್ಯಾನ್. ಎ.ಸಿ. ಹಾಕಿದಾಗ ಫ್ಯಾನ್ ತಿರುಗದಿದ್ದರೆ, ತಿರುಗಿದರೂ ಮಂದವಾಗಿದ್ದರೆ, ಸಿಗ್ನಲಿನಲ್ಲಿ ನಿಂತಾಗ ಒತ್ತಡ ಏರಿ ಕಂಪ್ರೆಸರ್ ಬೇಯುತ್ತದೆ. ಹೆದ್ದಾರಿಯಲ್ಲಿ ಗಾಳಿ ಬೀಸುವುದರಿಂದ ತೊಂದರೆ ಗೊತ್ತಾಗುವುದಿಲ್ಲ. ಬೆಂಗಳೂರಿನ ದಟ್ಟಣೆಯಲ್ಲಿ ದಿನಕ್ಕೆರಡು ಗಂಟೆ ತೆವಳುವ ಕಾರಿಗೆ ಇದು ಮರಣಶಾಸನ. ಕಂಡೆನ್ಸರಿನ ರೆಕ್ಕೆಗಳ ಸಂದಿಯಲ್ಲಿ ಹುಳ, ಕೆಸರು ತುಂಬಿದ್ದರೂ ಇದೇ ಫಲ.

ಮೂರನೆಯದು ಕಲಬೆರಕೆ ಗ್ಯಾಸ್ ಮತ್ತು ಸೋರಿಕೆ ಮುಚ್ಚುವ ದ್ರಾವಣಗಳು. ಅಡುಗೆ ಗ್ಯಾಸಿನ ಜಾತಿಯ ಮಿಶ್ರಣ ತುಂಬಿದ್ದರೆ ಬೆಂಕಿಯ ಅಪಾಯ ಇದ್ದೇ ಇದೆ. ಮೀಥೈಲ್ ಕ್ಲೋರೈಡ್ ಬೆರೆತಿದ್ದರೆ ಅದು ಅಲ್ಯೂಮಿನಿಯಮ್ಮಿನ ಜೊತೆ ಪ್ರತಿಕ್ರಿಯಿಸಿ ಕಂಪ್ರೆಸರನ್ನು ಒಳಗಿಂದಲೇ ತಿನ್ನುತ್ತದೆ. ಇದನ್ನು ಪತ್ತೆ ಹಚ್ಚುವ ಸುಲಭ ದಾರಿಯೊಂದಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, ನೆರಳಿನಲ್ಲಿ ನಿಂತ ಕಾರಿನ ಎರಡೂ ಬದಿಗೆ (ಲೋ ಸೈಡ್, ಹೈ ಸೈಡ್) ಒತ್ತಡ ಅಳೆಯುವ ಗೇಜ್ ಹಾಕಿ. ಶುದ್ಧ ಆರ್-134ಎ ಆಗಿದ್ದು ಒಳಗೆ ದ್ರವ ಸ್ವಲ್ಪವಾದರೂ ಉಳಿದಿದ್ದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂ ಗೇಜುಗಳು 82 ಪಿಎಸ್‌ಐ ಆಸುಪಾಸು, 30 ಡಿಗ್ರಿಯಲ್ಲಿ 97, 35 ಡಿಗ್ರಿಯಲ್ಲಿ 114 ತೋರಿಸಬೇಕು. ತಾಪಮಾನಕ್ಕೆ ತಕ್ಕ ಅಂಕಿಗಿಂತ ಬಹಳ ಹೆಚ್ಚು ಇದ್ದರೆ ಒಳಗೆ ಗಾಳಿ ಅಥವಾ ಬೇರೆ ಗ್ಯಾಸ್ ಇದೆ. ಬಹಳ ಕಡಿಮೆ ಇದ್ದರೆ ಗ್ಯಾಸ್ ಸೋರಿಹೋಗಿದೆ. ಅಂಕಿ ಸರಿಯಾಗಿದೆ ಎಂದ ಮಾತ್ರಕ್ಕೆ ಗ್ಯಾಸ್ ಪೂರ್ತಿ ಇದೆ ಎಂದರ್ಥವಲ್ಲ. ನೂರು ಗ್ರಾಂ ಇದ್ದರೂ ಅಷ್ಟೇ ತೋರಿಸುತ್ತದೆ, ಐನೂರು ಗ್ರಾಂ ಇದ್ದರೂ ಅಷ್ಟೇ.

## ಹಂತ 3: ಸಾಮಾನು ಮೊದಲೇ ತಂದಿಟ್ಟುಕೊಳ್ಳಿ

ಪೈಪು ಬಿಚ್ಚಿದ ಮೇಲೆ ಅಂಗಡಿ ಹುಡುಕುವಂತಿಲ್ಲ. ತೆರೆದ ಪೈಪು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ.

ಬದಲಾಯಿಸಲೇಬೇಕಾದವು: ಕಂಪ್ರೆಸರ್, ರಿಸೀವರ್ ಡ್ರೈಯರ್ (ತೇವ ಹೀರುವ ಡಬ್ಬಿ), ಎಕ್ಸ್‌ಪ್ಯಾನ್ಷನ್ ವಾಲ್ವ್ (ಕೂಲಿಂಗ್ ಕಾಯಿಲ್‌ಗೆ ಗ್ಯಾಸನ್ನು ಅಳೆದು ಬಿಡುವ ವಾಲ್ವ್), ಬಿಚ್ಚುವ ಪ್ರತಿಯೊಂದು ಜೋಡಣೆಯ ಓ-ರಿಂಗ್, ಮತ್ತು ಎ.ಸಿ. ಬೆಲ್ಟ್. ಓ-ರಿಂಗುಗಳು ಆರ್-134ಎಗೆ ಹೊಂದುವ ರಬ್ಬರಿನವೇ ಆಗಿರಬೇಕು. ಪ್ಲಂಬಿಂಗ್ ಅಂಗಡಿಯ ಕಪ್ಪು ವಾಷರ್ ಉಬ್ಬಿ ಸೋರುತ್ತದೆ. ಕಂಡೆನ್ಸರ್ ವಿಷಯವನ್ನು ಹಂತ 6ರಲ್ಲಿ ತೀರ್ಮಾನಿಸೋಣ. ಆದರೆ ಅಂಗಡಿಯವನಲ್ಲಿ ಅದು ಸಿಗುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಕಂಪ್ರೆಸರ್ ಕೊಳ್ಳುವಾಗ ಕಾರಿನ ಹೆಸರು ಮಾತ್ರ ಹೇಳಿದರೆ ಸಾಲದು. ಒಂದೇ ಮಾದರಿಯ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ತಯಾರಕರ ಕಂಪ್ರೆಸರ್ ಬಂದಿರುತ್ತದೆ. ಹಳೆಯದರ ಮೈಮೇಲಿನ ಪಟ್ಟಿಯ ಫೋಟೊ ತೆಗೆದುಕೊಂಡು ಹೋಗಿ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗೀರುಗಳು ಎಷ್ಟು, ಬೋಲ್ಟ್ ಕಿವಿಗಳು ಎಲ್ಲಿವೆ, ಪೈಪ್ ಬಾಯಿ ಯಾವ ದಿಕ್ಕಿಗಿದೆ, ಕನೆಕ್ಟರ್ ಯಾವ ಆಕಾರ, ಎಣ್ಣೆ ಯಾವುದು ಎಂಬುದನ್ನು ಹೊಂದಿಸಿ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ರೀಕಂಡೀಷನ್ ಮಾಡಿದ್ದು ಎರಡೂ ಸಿಗುತ್ತವೆ. ಗುಜರಿಯ ಕಂಪ್ರೆಸರಿನ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟು: ಪೈಪ್ ಬಾಯಿ ಮುಚ್ಚದೆ ರಾಶಿಯಲ್ಲಿ ಬಿದ್ದದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಮಳೆ, ಧೂಳು ಎರಡೂ ಒಳಗೆ ಹೋಗಿ ಕೂತಿರುತ್ತವೆ.

ಉಪಕರಣಗಳಲ್ಲಿ 10, 12, 14 ಮಿ.ಮೀ. ಸ್ಪ್ಯಾನರ್ ಮತ್ತು ಸಾಕೆಟ್, ಟಾರ್ಕ್ ರೆಂಚ್, ಫೀಲರ್ ಗೇಜ್, ಮಲ್ಟಿಮೀಟರ್, ಜಾಕ್ ಮತ್ತು ಗಟ್ಟಿ ಸ್ಟ್ಯಾಂಡುಗಳು, ಮಿಲಿಲೀಟರ್ ಗುರುತಿರುವ ಎರಡು ಅಳತೆ ಲೋಟಗಳು, ಪೈಪ್ ಬಾಯಿ ಮುಚ್ಚಲು ಪ್ಲಾಸ್ಟಿಕ್ ಬಿರಡೆಗಳು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೈಗವಸು ಬೇಕು. ವ್ಯಾಕ್ಯೂಮ್ ಮತ್ತು ಗ್ಯಾಸ್ ಕೆಲಸವನ್ನೂ ನೀವೇ ಮಾಡುವುದಾದರೆ ಮ್ಯಾನಿಫೋಲ್ಡ್ ಗೇಜ್, ವ್ಯಾಕ್ಯೂಮ್ ಪಂಪ್, ಐದು ಗ್ರಾಂ ವ್ಯತ್ಯಾಸ ಹಿಡಿಯುವ ಡಿಜಿಟಲ್ ತಕ್ಕಡಿ ಸೇರಿಸಿಕೊಳ್ಳಿ.

ಎಣ್ಣೆಯ ಬಗ್ಗೆ ಎಚ್ಚರ. ಪಿಎಜಿ 46, ಪಿಎಜಿ 100, ಪಿಎಜಿ 150 ಎಂಬವು ಬೇರೆ ಬೇರೆ ದಪ್ಪದ ಎಣ್ಣೆಗಳು. ಕಂಪ್ರೆಸರಿನ ಪಟ್ಟಿಯಲ್ಲಿ ಅಥವಾ ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಹೇಳಿರುವುದನ್ನೇ ಹಾಕಿ. ಸಣ್ಣ ಸೀಲ್ ಡಬ್ಬಿಯನ್ನೇ ಕೊಳ್ಳಿ. ಪಿಎಜಿ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಅರ್ಧ ಬಳಸಿ ಇಟ್ಟ ಡಬ್ಬಿ ಕೆಲಸಕ್ಕೆ ಬಾರದು.

## ಹಂತ 4: ಗ್ಯಾಸ್ ಹೊರತೆಗೆಯುವುದು

ಕಂಪ್ರೆಸರ್ ಜಾಮ್ ಆಗಿದ್ದರೂ ಒಳಗೆ ಗ್ಯಾಸ್ ಒತ್ತಡದಲ್ಲೇ ಇರುತ್ತದೆ. ರಿಕವರಿ ಯಂತ್ರ ಇರುವ ಗ್ಯಾರೇಜಿಗೆ ಹೋಗಿ ತೆಗೆಸಿ. ವಾಲ್ವ್ ಒತ್ತಿ ಗಾಳಿಗೆ ಬಿಡುವುದು ನಮ್ಮಲ್ಲಿ ರೂಢಿಯಾಗಿದೆ, ಆದರೂ ಅದು ಕೆಟ್ಟ ರೂಢಿ. ಆರ್-134ಎ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ನಿಮಗೆ ನೇರವಾಗಿ ತಟ್ಟುವ ನಷ್ಟವೂ ಇದೆ. ರಭಸದಿಂದ ಬಿಟ್ಟ ಗ್ಯಾಸ್ ಎಣ್ಣೆಯನ್ನೂ ಹೊತ್ತೊಯ್ಯುತ್ತದೆ, ಆಗ ಎಣ್ಣೆಯ ಲೆಕ್ಕ ತಪ್ಪುತ್ತದೆ.

ಎಷ್ಟು ಗ್ರಾಂ ಗ್ಯಾಸ್ ಬಂತು, ಎಷ್ಟು ಎಣ್ಣೆ ಬಂತು ಎಂದು ಕೇಳಿ ಬರೆದುಕೊಳ್ಳಿ. ಒತ್ತಡವಿರುವ ಪೈಪನ್ನು ಬಿಚ್ಚುವುದಂತೂ ಬೇಡವೇ ಬೇಡ. ಈ ದ್ರವ ಹೊರಗಿನ ಗಾಳಿಯಲ್ಲಿ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ. ಕಣ್ಣಿಗೆ ಬಿದ್ದರೆ ಹೆಪ್ಪುಗಟ್ಟಿಸುತ್ತದೆ. ಹತ್ತಿರದಲ್ಲಿ ಬೀಡಿ, ಸಿಗರೇಟು, ವೆಲ್ಡಿಂಗ್ ಏನೂ ಇರಬಾರದು. ಉರಿಗೆ ಸಿಕ್ಕಿದ ಗ್ಯಾಸ್ ವಿಷವಾಗುತ್ತದೆ.

## ಹಂತ 5: ಹಳೆಯದನ್ನು ಇಳಿಸುವುದು

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಕೆಳಗಿನಿಂದ ಕೆಲಸ ಮಾಡುವುದಾದರೆ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ. ಬೆಲ್ಟ್ ಓಡುವ ದಾರಿಯ ಫೋಟೊ ತೆಗೆದುಕೊಂಡು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೆಯಿರಿ. ಟೆನ್ಷನರ್ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿ, ಗುರುಗುಟ್ಟಿದರೆ ಅದನ್ನೂ ಬದಲಾಯಿಸಿ.

ಪೈಪುಗಳಲ್ಲಿ ದಪ್ಪನೆಯದು ಕಂಪ್ರೆಸರಿಗೆ ಗ್ಯಾಸ್ ತರುವ ಲೋ ಸೈಡ್, ತೆಳ್ಳನೆಯದು ಹೈ ಸೈಡ್. ಬೋಲ್ಟು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಕಂಪ್ರೆಸರಿನ ದೇಹ ಅಲ್ಯೂಮಿನಿಯಂ. ಬಲ ಹಾಕಿ ಬೋಲ್ಟು ಮುರಿದರೆ ಹೋಗುವುದು ಹಳೆಯ ಕಂಪ್ರೆಸರ್ ಮಾತ್ರ, ಆದರೆ ಪೈಪಿನ ತುದಿ ತಿರುಚಿದರೆ ಪೈಪೂ ಹೋಗುತ್ತದೆ. ಪೈಪ್ ಕಳಚಿದ ಮರುಕ್ಷಣ ಎರಡೂ ಬಾಯಿಗೆ ಬಿರಡೆ ಹಾಕಿ. ಮಲೆನಾಡಿನ ಮಳೆಗಾಲದಲ್ಲಿ, ಕರಾವಳಿಯಲ್ಲಿ ಇದಕ್ಕೆ ಇನ್ನಷ್ಟು ತುರ್ತು.

ಕ್ಲಚ್ ಕನೆಕ್ಟರ್ ಕಳಚಿ, ಪ್ಲಾಸ್ಟಿಕ್ ಕರಗಿದೆಯೇ ನೋಡಿ. ನಂತರ ಹಿಡಿದಿಟ್ಟ ಬೋಲ್ಟುಗಳನ್ನು ಬಿಚ್ಚಿ. ಕೊನೆಯ ಬೋಲ್ಟು ಬಿಚ್ಚುವಾಗ ಒಂದು ಕೈ ಕಂಪ್ರೆಸರಿನ ಕೆಳಗಿರಲಿ. ಐದಾರು ಕಿಲೊ ತೂಕದ ಲೋಹ ಕಾಲ್ಬೆರಳಿನ ಮೇಲೆ ಬೀಳುವುದು ಯಾರಿಗೂ ಬೇಡ.

## ಹಂತ 6: ಎಣ್ಣೆ ಏನು ಹೇಳುತ್ತದೆ

ಇಡೀ ಕೆಲಸದ ಖರ್ಚು ಈ ಹಂತದಲ್ಲಿ ನಿರ್ಧಾರವಾಗುತ್ತದೆ. ಹಳೆಯ ಕಂಪ್ರೆಸರನ್ನು ಬಗ್ಗಿಸಿ ಎಣ್ಣೆಯನ್ನು ಅಳತೆ ಲೋಟಕ್ಕೆ ಬಸಿಯಿರಿ. ಪ್ರಮಾಣ ಬರೆದಿಡಿ. ಬಳಿಕ ಒಂದಿಷ್ಟನ್ನು ಬಿಳಿ ಕಾಗದದ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ.

ಎಣ್ಣೆ ತಿಳಿಯಾಗಿದ್ದರೆ, ಅಥವಾ ಯಾರೋ ಸೋರಿಕೆ ಹುಡುಕಲು ಹಾಕಿದ ಬಣ್ಣದಿಂದ ಹಸಿರು ಹಳದಿಯಾಗಿದ್ದರೆ, ಪುಡಿ ಹೆಚ್ಚು ಹರಡಿಲ್ಲ. ಬೆಳ್ಳಿ ಮಿಂಚು ಕಂಡರೆ ಅದು ಅಲ್ಯೂಮಿನಿಯಂ ಪುಡಿ. ಕಪ್ಪಾಗಿ, ಗ್ರೀಸಿನಂತೆ ದಪ್ಪಗಾಗಿ, ಸುಟ್ಟ ವಾಸನೆ ಬರುತ್ತಿದ್ದರೆ ಒಳಗಿನ ಲೇಪನವೆಲ್ಲ ಕಿತ್ತು ಎಣ್ಣೆಯೊಂದಿಗೆ ಬೆಂದಿದೆ. ಎಣ್ಣೆಯೇ ಬರದಿದ್ದರೆ ಸಾವಿಗೆ ಕಾರಣ ಸೋರಿಕೆ ಎಂದು ತಿಳಿಯಿರಿ. ತೆಗೆದ ಎಕ್ಸ್‌ಪ್ಯಾನ್ಷನ್ ವಾಲ್ವಿನ ಬಾಯಿಯನ್ನೂ ನೋಡಿ, ಪುಡಿ ಅಲ್ಲಿಯವರೆಗೆ ತಲುಪಿದ್ದರೆ ಅದು ಕಂಡೆನ್ಸರ್ ದಾಟಿ ಬಂದಿದೆ.

ಮಿಂಚು ಅಥವಾ ಕಪ್ಪು ಕಂಡರೆ ಕಂಡೆನ್ಸರ್ ಬದಲಾಯಿಸಿ. ಇಲ್ಲಿ ಚೌಕಾಸಿ ಬೇಡ. ಚಪ್ಪಟೆ ಕೊಳವೆಗಳನ್ನು ಸಾಲಾಗಿ ಜೋಡಿಸಿದ ಈಗಿನ ಬಗೆಯ ಕಂಡೆನ್ಸರಿನಲ್ಲಿ ಪ್ರತಿ ಕೊಳವೆಯೊಳಗೂ ಕೂದಲೆಳೆಯಂಥ ಹಲವು ಸಣ್ಣ ದಾರಿಗಳಿರುತ್ತವೆ. ಫ್ಲಶ್ ದ್ರಾವಣ ತೆರೆದಿರುವ ದಾರಿಯಲ್ಲಿ ಸುಖವಾಗಿ ಹರಿದುಹೋಗುತ್ತದೆ, ಮುಚ್ಚಿದ ದಾರಿ ಮುಚ್ಚಿಯೇ ಇರುತ್ತದೆ. "ಚೆನ್ನಾಗಿ ತೊಳೆದಿದ್ದೇವೆ" ಎಂಬ ಮಾತು ನಿಜವಾಗಿದ್ದರೂ ಪ್ರಯೋಜನವಿಲ್ಲ. ಒಂದೇ ಉದ್ದ ಕೊಳವೆ ಹಾವಿನಂತೆ ಸುತ್ತಿರುವ ಹಳೆಯ ಬಗೆಯದಾದರೆ ಮಾತ್ರ ತೊಳೆಯಬಹುದು.

## ಹಂತ 7: ತೊಳೆಯುವುದು

ತೊಳೆಯಬಹುದಾದವು: ಲೋಹದ ಪೈಪುಗಳು, ನೇರ ಹೋಸುಗಳು, ಕಾರಿನೊಳಗಿನ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್. ತೊಳೆಯಬಾರದವು: ಕಂಪ್ರೆಸರ್, ಡ್ರೈಯರ್, ಎಕ್ಸ್‌ಪ್ಯಾನ್ಷನ್ ವಾಲ್ವ್, ಮತ್ತು ನಡುವೆ ಮಫ್ಲರ್ (ಸದ್ದು ತಗ್ಗಿಸುವ) ಡಬ್ಬಿ ಇರುವ ಹೋಸುಗಳು. ಕಪ್ಪು ಗಸಿ ಕಂಡಿದ್ದರೆ ಆ ಮಫ್ಲರ್ ಹೋಸನ್ನೇ ಬದಲಾಯಿಸಬೇಕು.

ಎಕ್ಸ್‌ಪ್ಯಾನ್ಷನ್ ವಾಲ್ವ್ ಎಲ್ಲಿದೆ ಎಂಬುದು ಕಾರಿನ ಮೇಲೆ ಹೋಗುತ್ತದೆ. ಕೆಲವದರಲ್ಲಿ ಎಂಜಿನ್ ಕೋಣೆಯ ಹಿಂಗೋಡೆಯಲ್ಲೇ ಸಿಗುತ್ತದೆ. ಕೆಲವದರಲ್ಲಿ ಗ್ಲೋವ್ ಬಾಕ್ಸ್ ಕಳಚಿ ಕೂಲಿಂಗ್ ಕಾಯಿಲ್ ಪೆಟ್ಟಿಗೆಯನ್ನೇ ಹೊರತೆಗೆಯಬೇಕು. ಅಷ್ಟು ದೂರ ಹೋದವರು ಕಾಯಿಲ್‌ನ ಹೊರಮೈಗೆ ಅಂಟಿದ ಎಲೆ, ಕಸವನ್ನೂ ತೆಗೆದುಬಿಡಿ.

ಎ.ಸಿ. ಫ್ಲಶ್‌ಗೆಂದೇ ಮಾರುವ ದ್ರಾವಣ ಬಳಸಿ. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಬೇಡ. ಅವು ಒಳಗೆ ಉಳಿದು ಎಣ್ಣೆಯನ್ನು ಕೆಡಿಸುತ್ತವೆ, ಬೆಂಕಿಯ ಭಯ ಬೇರೆ. ಗ್ಯಾಸ್ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಮೊದಲು ತೊಳೆಯಿರಿ, ಆಮೇಲೆ ಸರಿ ದಿಕ್ಕಿಗೆ. ಹೊರಬರುವ ದ್ರಾವಣವನ್ನು ಬಿಳಿ ಬಟ್ಟೆಯ ಮೇಲೆ ಹಿಡಿದು, ಕಲೆ ಬೀಳದಿರುವ ತನಕ ಮುಂದುವರಿಸಿ. ಬಳಿಕ ನೈಟ್ರೋಜನ್ ಊದಿ ಒಣಗಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ನೀರಿದೆ, ಅದು ಬೇಡ. ಒಣಗಿಸಲು ಆತುರ ಪಟ್ಟರೆ ಒಳಗುಳಿದ ದ್ರಾವಣ ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ. ಪೈಪಿನ ಬಾಯಲ್ಲಿ ವಾಸನೆ ಪೂರ್ತಿ ಹೋಗಬೇಕು.

## ಹಂತ 8: ಎಣ್ಣೆಯ ಲೆಕ್ಕ

ಹೊಸ ಕಂಪ್ರೆಸರಿನೊಳಗೆ ಎಣ್ಣೆ ಇರುತ್ತದೆಯೇ? ಕೆಲವದರಲ್ಲಿ ಇಡೀ ವ್ಯವಸ್ಥೆಗೆ ಬೇಕಾದಷ್ಟು, ಕೆಲವದರಲ್ಲಿ ಸ್ವಲ್ಪ, ಕೆಲವದರಲ್ಲಿ ಸಾಗಣೆಗೆ ಬೇಕಾದಷ್ಟು ಮಾತ್ರ. ಊಹಿಸಬೇಡಿ. ಬಸಿದು ಅಳೆಯಿರಿ.

ಪೈಪು, ಕಾಯಿಲ್ ಎಲ್ಲ ತೊಳೆದು, ಕಂಡೆನ್ಸರ್, ಡ್ರೈಯರ್ ಹೊಸದು ಹಾಕಿದ್ದರೆ ಹಳೆಯ ಎಣ್ಣೆ ಎಲ್ಲಿಯೂ ಉಳಿದಿಲ್ಲ. ಆಗ ತಯಾರಕರು ಹೇಳಿದ ಪೂರ್ತಿ ಪ್ರಮಾಣ ಹಾಕಬೇಕು. ಉದಾಹರಣೆಗೆ ಸ್ಟಿಕ್ಕರಿನಲ್ಲಿ 120 ಮಿ.ಲೀ. ಎಂದಿದ್ದು ಹೊಸದರಿಂದ 80 ಮಿ.ಲೀ. ಬಂದರೆ, ಇನ್ನೂ 40 ಮಿ.ಲೀ. ಸೇರಿಸಬೇಕು. ಸುಮಾರು ಅರ್ಧವನ್ನು ಕಂಪ್ರೆಸರಿಗೆ ಹಾಕಿ, ಉಳಿದದ್ದನ್ನು ಕಂಡೆನ್ಸರ್, ಕೂಲಿಂಗ್ ಕಾಯಿಲ್, ಡ್ರೈಯರುಗಳ ಬಾಯಿಗೆ ಹಂಚಿ ಬಿಡಿ. ಕೆಲವು ತಯಾರಕರು ಎಣ್ಣೆಯನ್ನೆಲ್ಲ ಕಂಪ್ರೆಸರಿಗೇ ಹಾಕಲು ಹೇಳುತ್ತಾರೆ. ಪೆಟ್ಟಿಗೆಯಲ್ಲಿ ಚೀಟಿ ಇದ್ದರೆ ಅದರ ಮಾತೇ ಕೊನೆಯ ಮಾತು.

"ಇರಲಿ, ಸ್ವಲ್ಪ ಹೆಚ್ಚೇ ಹಾಕೋಣ" ಎಂಬುದೂ ತಪ್ಪು. ಹೆಚ್ಚಾದ ಎಣ್ಣೆ ಕೂಲಿಂಗ್ ಕಾಯಿಲ್‌ನ ಒಳಮೈಗೆ ಅಂಟಿ ತಂಪನ್ನು ಕಡಿಮೆ ಮಾಡುತ್ತದೆ, ಒತ್ತಡ ಏರಿಸುತ್ತದೆ.

## ಹಂತ 9: ಹೊಸದನ್ನು ಕೂರಿಸುವುದು

ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದ ಹಿಡಿಸಿ, ಆಮೇಲೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಕೈಪಿಡಿಯ ಅಂಕಿ ಸಿಗದಿದ್ದರೆ 8 ಮಿ.ಮೀ. ಎಳೆಯ ಬೋಲ್ಟಿಗೆ 20ರಿಂದ 25 ನ್ಯೂಟನ್ ಮೀಟರ್, ಪೈಪ್ ಹಿಡಿಯುವ 6 ಮಿ.ಮೀ. ಬೋಲ್ಟಿಗೆ 8ರಿಂದ 10 ಸಾಕು. ಓ-ರಿಂಗನ್ನು ಕಂಪ್ರೆಸರ್ ಎಣ್ಣೆಯಲ್ಲಿ ಅದ್ದಿ ಹಾಕಿ. ಒಣ ಓ-ರಿಂಗ್ ತಿರುಚಿಕೊಂಡು ಸೋರುತ್ತದೆ, ಸೋರುವ ಜೋಡಣೆಯನ್ನು ಇನ್ನಷ್ಟು ಬಿಗಿದರೆ ಎಳೆ ಕಿತ್ತುಬರುತ್ತದೆ.

ಕ್ಲಚ್ ಹಬ್ ಮತ್ತು ಪುಲ್ಲಿಯ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ಮೂರು ಕಡೆ ಅಳೆಯಿರಿ. ಈ ಬಗೆಯ ಸಣ್ಣ ಕಂಪ್ರೆಸರುಗಳಲ್ಲಿ ಇದು ಸಾಮಾನ್ಯವಾಗಿ 0.35ರಿಂದ 0.65 ಮಿ.ಮೀ. ಇರುತ್ತದೆ. ಹೆಚ್ಚಿದ್ದರೆ ಎಂಜಿನ್ ಬಿಸಿಯಾದ ಮೇಲೆ ಕ್ಲಚ್ ಹಿಡಿಯುವುದಿಲ್ಲ, ಕಡಿಮೆ ಇದ್ದರೆ ಉಜ್ಜಿ ಸುಡುತ್ತದೆ. ಹಬ್ಬಿನ ಒಳಗಿನ ತೆಳು ವಾಷರ್ ಬದಲಾಯಿಸಿ ಸರಿಪಡಿಸಬಹುದು.

ಬೆಲ್ಟ್ ಹಾಕಿ ಪಕ್ಕದಿಂದ ನೋಡಿ. ಎಲ್ಲ ಪುಲ್ಲಿಗಳೂ ಒಂದೇ ಗೆರೆಯಲ್ಲಿರಬೇಕು. ಅಡ್ಡ ಎಳೆತದಲ್ಲಿ ಓಡುವ ಬೆಲ್ಟ್ ಹೊಸ ಬೇರಿಂಗನ್ನೇ ತಿನ್ನುತ್ತದೆ.

ಡ್ರೈಯರ್ ಕಟ್ಟಕಡೆಗೆ. ಅದರೊಳಗಿನ ತೇವ ಹೀರುವ ಹರಳುಗಳಿಗೆ ಕೋಣೆಯ ಗಾಳಿಯೇ ಸಾಕು, ಬಿರಡೆ ತೆಗೆದಿಟ್ಟರೆ ಕಾರಿಗೆ ಹಾಕುವ ಮೊದಲೇ ತುಂಬಿಹೋಗುತ್ತವೆ. ಉಳಿದೆಲ್ಲ ಜೋಡಣೆ ಮುಗಿದು, ಗ್ಯಾರೇಜಿಗೆ ಹೊರಡಲು ಸಿದ್ಧರಾದಾಗ ಅದರ ಬಿರಡೆ ತೆಗೆದು ಜೋಡಿಸಿ. ಕ್ಲಚ್ ಕನೆಕ್ಟರ್ ಹಾಕದೇ ಕಾರು ಓಡಿಸಿಕೊಂಡು ಹೋಗಿ. ಗ್ಯಾಸಿಲ್ಲದ ಕಂಪ್ರೆಸರ್ ಒಂದು ನಿಮಿಷವೂ ತಿರುಗಬಾರದು.

## ಹಂತ 10: ಸೋರಿಕೆ ಪರೀಕ್ಷೆ ಮತ್ತು ವ್ಯಾಕ್ಯೂಮ್

ಮೊದಲು 150 ಪಿಎಸ್‌ಐ ತನಕ ನೈಟ್ರೋಜನ್ ತುಂಬಿ ಪ್ರತಿ ಜೋಡಣೆಗೂ ಸೋಪುನೀರು ಹಚ್ಚಿ ನೋಡಿ. ಆಮ್ಲಜನಕ ಯಾವ ಕಾರಣಕ್ಕೂ ಬೇಡ, ಎಣ್ಣೆಯ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ಒತ್ತಡ ಅರ್ಧ ಗಂಟೆ ಕದಲದಿದ್ದರೆ ನೈಟ್ರೋಜನ್ ಬಿಟ್ಟು ವ್ಯಾಕ್ಯೂಮ್ ಪಂಪ್ ಹಾಕಿ.

ಕನಿಷ್ಠ 45 ನಿಮಿಷ ಪಂಪ್ ಓಡಲಿ. ಗೇಜ್ ಐದೇ ನಿಮಿಷದಲ್ಲಿ ತಳ ಮುಟ್ಟಿದರೂ ನಿಲ್ಲಿಸಬೇಡಿ. ಗಾಳಿ ಬೇಗ ಹೋಗುತ್ತದೆ, ತೇವ ಹೋಗಲು ಹೊತ್ತು ಬೇಕು. ಕಡಿಮೆ ಒತ್ತಡದಲ್ಲಿ ನೀರು ಕುದಿದು ಆವಿಯಾಗಿ ಹೊರಬರಬೇಕು. ಎಂಜಿನ್ ಕೋಣೆ ಬೆಚ್ಚಗಿದ್ದರೆ ಒಳ್ಳೆಯದು.

ಗೇಜ್ ಓದುವಾಗ ಊರಿನ ಎತ್ತರ ಮರೆಯಬೇಡಿ. ಪುಸ್ತಕಗಳಲ್ಲಿ 29 ಇಂಚು ಪಾದರಸ ಎಂದಿರುವುದು ಸಮುದ್ರ ಮಟ್ಟಕ್ಕೆ. ಮಂಗಳೂರಿನಲ್ಲಿ ಅಷ್ಟು ಬರುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಎಷ್ಟೇ ಒಳ್ಳೆಯ ಪಂಪಾದರೂ ಮುಳ್ಳು 27ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಮಡಿಕೇರಿಯಲ್ಲಿ 26ರ ಹತ್ತಿರ. ಇದನ್ನು ಸೋರಿಕೆಯೆಂದು ತಿಳಿದು ಮತ್ತೆ ಎಲ್ಲವನ್ನೂ ಬಿಚ್ಚಬೇಡಿ.

ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಅರ್ಧ ಗಂಟೆ ಕಾಯಿರಿ. ಮುಳ್ಳು ಸ್ವಲ್ಪ ಏರಿ ನಿಂತುಬಿಟ್ಟರೆ ತೇವ ಉಳಿದಿದೆ, ಪಂಪ್ ಮತ್ತೆ ಓಡಿಸಿ. ಏರುತ್ತಲೇ ಹೋದರೆ ಸೋರಿಕೆ.

## ಹಂತ 11: ಗ್ಯಾಸ್ ತುಂಬುವುದು

ತೂಕದಿಂದ ತುಂಬಬೇಕು. ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಗ್ರಾಂ ಲೆಕ್ಕ ಇರುತ್ತದೆ. ಇಷ್ಟು ಸಣ್ಣ ಪ್ರಮಾಣದಲ್ಲಿ 50 ಗ್ರಾಂ ವ್ಯತ್ಯಾಸವೂ ಗೊತ್ತಾಗುತ್ತದೆ. ಪೈಪ್ ಮುಟ್ಟಿ ನೋಡಿ "ತಣ್ಣಗಾಯಿತು, ಸಾಕು" ಎನ್ನುವ ಮೆಕ್ಯಾನಿಕ್ ಎಷ್ಟೇ ಅನುಭವಿಯಾಗಿರಲಿ, ತಕ್ಕಡಿ ತರಿಸಿ.

ಎಂಜಿನ್ ಆರಿರುವಾಗ ಹೈ ಸೈಡಿನಿಂದ ದ್ರವ ರೂಪದಲ್ಲಿ ಹೋಗುವಷ್ಟನ್ನು ಹೋಗಲು ಬಿಡಿ. ಬಳಿಕ ಹೈ ಸೈಡ್ ವಾಲ್ವ್ ಮುಚ್ಚಿ. ಎಂಜಿನ್ ಓಡುತ್ತಿರುವಾಗ ಅದನ್ನು ತೆರೆದರೆ ಗ್ಯಾಸ್ ಡಬ್ಬಿಗೇ ನುಗ್ಗಿ ಡಬ್ಬಿ ಸಿಡಿಯಬಹುದು.

ಈಗ ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸ: ಎಂಜಿನ್ ಚಾಲೂ ಮಾಡುವ ಮುನ್ನ ಕ್ಲಚ್ ಹಬ್ಬನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಕಂಪ್ರೆಸರಿನೊಳಗೆ ನಿಂತ ಎಣ್ಣೆ, ದ್ರವಗಳನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು. ಒಮ್ಮೆಗೇ ಕ್ಲಚ್ ಹಿಡಿದರೆ ಮೊದಲ ಸೆಕೆಂಡಿನಲ್ಲೇ ವಾಲ್ವ್ ತಟ್ಟೆ ಮುರಿಯುತ್ತದೆ.

ಕನೆಕ್ಟರ್ ಹಾಕಿ, ಎಂಜಿನ್ ಐಡಲಿನಲ್ಲಿಟ್ಟು, ಕಿಟಕಿ ತೆರೆದು, ಬ್ಲೋವರ್ ಪೂರ್ತಿ ಹಾಕಿ ಎ.ಸಿ. ಚಾಲೂ ಮಾಡಿ. ಉಳಿದ ಗ್ಯಾಸನ್ನು ಡಬ್ಬಿ ನೆಟ್ಟಗೆ ಹಿಡಿದು, ಲೋ ಸೈಡಿನಿಂದ, ಆವಿ ರೂಪದಲ್ಲಿ, ನಿಧಾನವಾಗಿ ಬಿಡಿ. ಮೊದಲ ಕೆಲವು ನಿಮಿಷ ಆಕ್ಸಿಲರೇಟರ್ ಮುಟ್ಟಬೇಡಿ. ನಂತರ ಎ.ಸಿ.ಯನ್ನು ಹತ್ತು ಹದಿನೈದು ಬಾರಿ ಹಾಕಿ ಆರಿಸಿ, ಹೊಸ ಕ್ಲಚ್ಚಿನ ಮುಖಗಳು ಒಂದಕ್ಕೊಂದು ಒಗ್ಗುತ್ತವೆ.

## ಹಂತ 12: ಗೇಜ್ ಓದುವುದು

ಹೊರಗೆ 35 ಡಿಗ್ರಿ ಇರುವಾಗ, ಎಂಜಿನ್ 1,500 ಸುತ್ತಿನಲ್ಲಿದ್ದರೆ ಲೋ ಸೈಡ್ 25ರಿಂದ 40 ಪಿಎಸ್‌ಐ, ಹೈ ಸೈಡ್ 200ರಿಂದ 250 ಸುಮಾರಾಗಿ ಸರಿ.

ಎರಡೂ ಹೆಚ್ಚಿದ್ದರೆ ಗ್ಯಾಸ್ ಜಾಸ್ತಿಯಾಗಿದೆ, ಇಲ್ಲವೇ ಫ್ಯಾನ್ ಕೆಲಸ ಮಾಡುತ್ತಿಲ್ಲ. ಕಂಡೆನ್ಸರಿಗೆ ನೀರು ಚಿಮುಕಿಸಿದಾಗ ಒತ್ತಡ ತಟ್ಟನೆ ಇಳಿದರೆ ತಪ್ಪು ಗಾಳಿಯ ಹರಿವಿನದು. ಎರಡೂ ಕಡಿಮೆ ಇದ್ದರೆ ಗ್ಯಾಸ್ ಸಾಲದು. ಲೋ ಸೈಡ್ ವ್ಯಾಕ್ಯೂಮಿನತ್ತ ಇಳಿಯುತ್ತಿದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವ್ ಕಟ್ಟಿಕೊಂಡಿದೆ, ಕೂಡಲೇ ನಿಲ್ಲಿಸಿ. ಸ್ವಲ್ಪ ಹೊತ್ತು ಚೆನ್ನಾಗಿ ತಂಪಾಗಿ, ನಿಂತು, ಆಮೇಲೆ ಮತ್ತೆ ಸರಿಹೋಗುತ್ತಿದ್ದರೆ ವಾಲ್ವಿನಲ್ಲಿ ತೇವ ಮಂಜುಗಡ್ಡೆಯಾಗುತ್ತಿರಬಹುದು. ವ್ಯಾಕ್ಯೂಮಿನಲ್ಲಿ ಆತುರಪಟ್ಟದ್ದರ ಫಲ ಅದು. ಲೋ ಹೆಚ್ಚಿದ್ದು ಹೈ ಕಡಿಮೆ ಇದ್ದರೆ ಕಂಪ್ರೆಸರ್ ಒತ್ತುತ್ತಿಲ್ಲ. ಹೊಸದೇ ಕೆಟ್ಟದ್ದಿರಬಹುದು, ಅಂಗಡಿಗೆ ವಾಪಸ್ ಒಯ್ಯಿರಿ.

ಡ್ಯಾಶ್‌ಬೋರ್ಡಿನ ನಡುವಿನ ಗಾಳಿ ಕಿಂಡಿಯಲ್ಲಿ ಥರ್ಮಾಮೀಟರ್ ಇಟ್ಟರೆ ಒಳಗಾಳಿ ಸುತ್ತುವ ಸ್ಥಿತಿಯಲ್ಲಿ 6ರಿಂದ 10 ಡಿಗ್ರಿ ಬರಬೇಕು. ಕರಾವಳಿಯ ಸೆಕೆಯಲ್ಲಿ ಇದು ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ಗಾಬರಿ ಬೇಡ.

## ಕಾರು ಆರ್-12 ಕಾಲದ್ದಾದರೆ

ಆರ್-134ಎಗೂ ಮೊದಲಿನ ಆರ್-12 ಗ್ಯಾಸಿನ ಬಹಳ ಹಳೆಯ ಕಾರುಗಳಲ್ಲಿ ಗ್ಯಾಸ್ ತುಂಬುವ ಬಾಯಿಗೆ ಸ್ಕ್ರೂ ಎಳೆ ಇರುತ್ತದೆ. ಆರ್-134ಎ ಬಾಯಿ ಒತ್ತಿ ಕೂರಿಸುವ ಬಗೆಯದು. ಹಳೆಯ ಆರ್-12 ವ್ಯವಸ್ಥೆಯ ಖನಿಜ ಎಣ್ಣೆಯನ್ನು ಆರ್-134ಎ ಹೊತ್ತು ತಿರುಗುವುದಿಲ್ಲ. ಹಾಗಾಗಿ ಆ ಎಣ್ಣೆಯನ್ನು ಪೂರ್ತಿ ತೊಳೆದು, ಓ-ರಿಂಗ್, ಡ್ರೈಯರ್ ಎಲ್ಲ ಬದಲಾಯಿಸಿ, ಹೊಸ ಎಣ್ಣೆ ಹಾಕಿ, ಗ್ಯಾಸನ್ನು ಹಳೆಯ ಪ್ರಮಾಣದ ಶೇ. 80ರಿಂದ 90ರಷ್ಟು ಮಾತ್ರ ತುಂಬಬೇಕು. ಬಾಯಿಗೆ ಅಡಾಪ್ಟರ್ ಹಾಕಿ, ಯಾವ ಗ್ಯಾಸ್ ಎಂದು ಬಾನೆಟ್ ಒಳಗೆ ಚೀಟಿ ಅಂಟಿಸಿ.

## ಮೊದಲ ತಿಂಗಳು

ಒಂದು ವಾರದ ಬಳಿಕ ಬೆಲ್ಟಿನ ಬಿಗಿ ನೋಡಿ, ಹೊಸ ಬೆಲ್ಟ್ ಸ್ವಲ್ಪ ಸಡಿಲಗೊಳ್ಳುತ್ತದೆ. ಬಿಚ್ಚಿದ ಜೋಡಣೆಗಳ ಸುತ್ತ ಜಿಡ್ಡು ಕಾಣುತ್ತಿದೆಯೇ ಎಂದು ಬೆರಳಾಡಿಸಿ ನೋಡಿ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಹಾಕಿದರೆ ಶಾಫ್ಟ್ ಸೀಲ್ ಒಣಗುವುದಿಲ್ಲ. ಡ್ರೈಯರ್, ಎಕ್ಸ್‌ಪ್ಯಾನ್ಷನ್ ವಾಲ್ವ್, ಎಣ್ಣೆ, ಫ್ಲಶ್ ಇವೆಲ್ಲದರ ರಸೀದಿಗಳನ್ನು ಕಂಪ್ರೆಸರಿನ ಬಿಲ್ಲಿನ ಜೊತೆ ಪಿನ್ ಮಾಡಿಡಿ. ಗ್ಯಾರಂಟಿ ಕೇಳಲು ಹೋದಾಗ ಅಂಗಡಿಯವನು ಮೊದಲು ಕೇಳುವುದು ಅವನ್ನೇ.